ನೇರಳೆ ಬಣ್ಣದ ಸ್ಟಿಂಗ್‌ರೇ: ಬನಾನಾ ಸೀಟಿನ ಹಳೆಯ ಸೈಕಲ್ಲೊಂದನ್ನು ಮತ್ತೆ ಓಡಿಸಿದ ಅನುಭವ

1963ರಿಂದ ಮುಂದಿನ ಹತ್ತು ಹನ್ನೆರಡು ವರ್ಷ ಅಮೆರಿಕದ ಮಕ್ಕಳು ಮನೆಯವರನ್ನು ಕಾಡಿ ಬೇಡಿ ಕೊಡಿಸಿಕೊಂಡ ಸೈಕಲ್ಲುಗಳಿಗೆ ಒಂದು ವಿಶಿಷ್ಟ ರೂಪವಿತ್ತು: 20 ಅಂಗುಲದ ಪುಟ್ಟ ಗಾಲಿಗಳು, ಎದೆಯ ಮಟ್ಟಕ್ಕೆ ಏರಿನಿಂತ ಹ್ಯಾಂಡಲ್, ಹಿಂದಿನ ಗಾಲಿಯ ಮೇಲಕ್ಕೂ ಚಾಚಿಕೊಂಡ ನೀಳವಾದ ಬನಾನಾ ಸೀಟು, ಆ ಸೀಟಿನ ಹಿಂತುದಿಯನ್ನು ಹೊತ್ತು ನಿಲ್ಲುವ ಕಮಾನಿನಾಕಾರದ ಕ್ರೋಮ್ ಕಂಬಿ. ಇದನ್ನು ಮೊದಲು ಕಲ್ಪಿಸಿಕೊಂಡವರು ಯಾವ ಕಂಪನಿಯ ವಿನ್ಯಾಸಕಾರರೂ ಅಲ್ಲ, ಕ್ಯಾಲಿಫೋರ್ನಿಯಾದ ಹುಡುಗರು. ತಮ್ಮ ಸಾಧಾರಣ ಸಣ್ಣ ಸೈಕಲ್ಲಿಗೆ ಎತ್ತರದ ಹ್ಯಾಂಡಲನ್ನೂ ಸೈಕಲ್ ಪೋಲೊ ಆಟಕ್ಕೆಂದು ತಯಾರಾಗಿದ್ದ ಉದ್ದನೆಯ ಸೀಟನ್ನೂ ಕೂರಿಸಿಕೊಂಡು, ಭಾರವನ್ನು ಹಿಂದಕ್ಕೆ ಹಾಕಿ ಮುಂಗಾಲಿಯನ್ನು ಗಾಳಿಯಲ್ಲಿ ಎತ್ತಿ ಓಡಿಸುತ್ತಿದ್ದ ಆ ಹುಡುಗರ ಸುದ್ದಿ ಷಿಕಾಗೋದ ಶ್ವಿನ್ ಕಂಪನಿಯ ಆಲ್ ಫ್ರಿಟ್ಜ್ ಎಂಬ ಅಧಿಕಾರಿಗೆ ತಲುಪಿತು. ಅವರು ಅದೇ ರೂಪವನ್ನು ಕಾರ್ಖಾನೆಗೆ ತಂದು, 1963ರಲ್ಲಿ 49 ಡಾಲರ್ 95 ಸೆಂಟ್ ಬೆಲೆಗೆ ಸ್ಟಿಂಗ್‌ರೇ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟರು. ಹಫಿ ಕಂಪನಿಯ ಪೆಂಗ್ವಿನ್ ಎಂಬ ಸೈಕಲ್ ಕೂಡ ಅದೇ ವರ್ಷ ಅದೇ ರೂಪದಲ್ಲಿ ಬಂದಿತ್ತಾದರೂ ಜನರ ನಾಲಿಗೆಯ ಮೇಲೆ ನಿಂತದ್ದು ಸ್ಟಿಂಗ್‌ರೇ. ಆಮೇಲೆ ಮರ್ರೆ, ರಾಸ್, ಸಿಯರ್ಸ್ ಮೊದಲಾದವರೆಲ್ಲ ಹಿಂಬಾಲಿಸಿದರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ರ‍್ಯಾಲಿ ಕಂಪನಿಯ ಚಾಪರ್ ಕೂಡ ಇದಕ್ಕೇ ಕೊಟ್ಟ ಉತ್ತರ. ಆ ಕಾಲದಲ್ಲಿ ಅಮೆರಿಕದ ರಸ್ತೆಗಳಲ್ಲಿ ಅಬ್ಬರಿಸುತ್ತಿದ್ದ, ಭಾರಿ ಎಂಜಿನ್ನಿನ ಮಸಲ್ ಕಾರುಗಳ ನೆರಳಿನಲ್ಲಿ ಈ ಸೈಕಲ್ಲುಗಳಿಗೂ ಮಸಲ್ ಬೈಕ್ ಎಂಬ ಹೆಸರು ಅಂಟಿಕೊಂಡಿತು.

ನಾನು ತುಮಕೂರು ಜಿಲ್ಲೆಯವನು. ಉದ್ಯೋಗದ ಸಲುವಾಗಿ ಷಿಕಾಗೋದ ಹೊರವಲಯದಲ್ಲಿ ಬಹಳ ಕಾಲದಿಂದ ನೆಲೆಸಿದ್ದೇನೆ. ಈ ಊರಿನಲ್ಲಿಯೇ 1895ರಲ್ಲಿ ಇಗ್ನಾಜ್ ಶ್ವಿನ್ ಮತ್ತು ಅಡಾಲ್ಫ್ ಆರ್ನಾಲ್ಡ್ ಸೇರಿ ಆ ಕಂಪನಿಯನ್ನು ಕಟ್ಟಿದರು. 1980ರ ದಶಕದ ಆರಂಭದಲ್ಲಿ ಷಿಕಾಗೋದ ಕಾರ್ಖಾನೆ ಮುಚ್ಚಿತು, 1992ರಲ್ಲಿ ಕಂಪನಿಯೇ ದಿವಾಳಿಯಾಯಿತು. ಆದರೆ ಇಲ್ಲಿನ ಹಳೆಯ ಮನೆಗಳ ಗ್ಯಾರೇಜುಗಳಲ್ಲಿ, ನೆಲಮಾಳಿಗೆಗಳಲ್ಲಿ ಅದರ ಸೈಕಲ್ಲುಗಳು ಇಂದಿಗೂ ಗೋಡೆಗೆ ಒರಗಿ ನಿಂತಿವೆ. ಇಂಥ ಸೈಕಲ್ಲುಗಳನ್ನು ಸಂಗ್ರಹಿಸುವವರಲ್ಲಿ ಎರಡು ಪಂಥಗಳಿವೆ. ಬಣ್ಣವನ್ನು ಪೂರ್ತಿ ಕೆರೆದು ಹೊಸದಾಗಿ ಬಳಿಸಿ, ಕ್ರೋಮನ್ನು ಮತ್ತೆ ಲೇಪಿಸಿ, ಅಂಗಡಿಯಿಂದ ಆಗಷ್ಟೇ ಇಳಿಸಿದ ಹಾಗೆ ಮಾಡುವವರು ಒಂದು ಕಡೆ. ಕಾರ್ಖಾನೆಯಲ್ಲಿ ಬಳಿದ ಬಣ್ಣ, ಕಾರ್ಖಾನೆಯಲ್ಲಿ ಕೂರಿಸಿದ ಬೋಲ್ಟು ಎಷ್ಟು ಉಳಿದಿವೆಯೋ ಅಷ್ಟನ್ನೂ ಉಳಿಸಿಕೊಂಡು, ಸೈಕಲ್ ಸುರಕ್ಷಿತವಾಗಿ ಓಡುವ ಮಟ್ಟಿಗೆ ಮಾತ್ರ ಕೈಹಾಕುವವರು ಇನ್ನೊಂದು ಕಡೆ. ನಾನು ಎರಡನೆಯ ಪಂಥಕ್ಕೆ ಸೇರಿದವನು. ಅದಕ್ಕೆ ಕಾರಣಗಳು ಈ ಬರಹದ ಉದ್ದಕ್ಕೂ ತಾವಾಗಿಯೇ ಬರುತ್ತವೆ.

ನನಗೆ ಸಿಕ್ಕ ಸ್ಟಿಂಗ್‌ರೇ ಒಂದು ಮನೆ ಖಾಲಿ ಮಾಡುವ ಮಾರಾಟದಲ್ಲಿ ದೊರೆತದ್ದು. ಮನೆಯ ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಸಾಮಾನುಗಳನ್ನೆಲ್ಲ ಬೆಲೆ ಚೀಟಿ ಅಂಟಿಸಿ ಜೋಡಿಸಿಟ್ಟಿದ್ದರು. ಸೈಕಲ್ ಗ್ಯಾರೇಜಿನ ಹಿಂಗೋಡೆಗೆ ಒರಗಿತ್ತು. ಟೈರುಗಳು ನೆಲಕ್ಕೆ ಅಂಟಿ ಚಪ್ಪಟೆಯಾಗಿದ್ದವು, ಸೀಟಿನ ಅಂಚು ಸೀಳಿತ್ತು, ಚೈನು ತುಕ್ಕು ಹಿಡಿದು ಒಂದೇ ಕಂಬಿಯಂತೆ ಬಿಗಿದುಕೊಂಡಿತ್ತು. ಆದರೆ ನಾನು ಇಂಥ ಸೈಕಲ್ಲನ್ನು ನೋಡುವಾಗ ಮೊದಲು ಗಮನಿಸುವುದು ಇವನ್ನಲ್ಲ. ಫ್ರೇಮ್ ನೆಟ್ಟಗಿದೆಯೇ, ಮುಂದಿನ ಫೋರ್ಕ್ ಹಿಂದಕ್ಕೆ ಬಾಗಿದೆಯೇ, ಹ್ಯಾಂಡಲಿನ ಕಾಂಡ ಇಳಿಯುವ ಹೆಡ್ ಟ್ಯೂಬಿನ ಹಿಂದೆ ಕೆಳಗಿನ ಕೊಳವೆಯ ಅಡಿಭಾಗದಲ್ಲಿ ಬಣ್ಣ ಸುಕ್ಕುಗಟ್ಟಿದೆಯೇ ಎಂದು ಬೆರಳಾಡಿಸಿ ನೋಡುತ್ತೇನೆ. ಈ ಸೈಕಲ್ಲುಗಳ ಮೇಲೆ ಕುಳಿತ ಮಕ್ಕಳು ಹಲಗೆಯ ಇಳಿಜಾರುಗಳಿಂದ ಹಾರಿಸಿದವರು. ಹಾಗಾಗಿ ಪೆಟ್ಟು ಬಿದ್ದಿದ್ದರೆ ಗುರುತು ಉಳಿಯುವುದು ಅಲ್ಲಿಯೇ. ನನ್ನದರಲ್ಲಿ ಅಂಥ ಸುಕ್ಕು ಇರಲಿಲ್ಲ.

ಎರಡನೆಯದಾಗಿ ನೋಡುವುದು ಕ್ರಮಸಂಖ್ಯೆ. 1970ಕ್ಕಿಂತ ಹಿಂದಿನ ಸ್ಟಿಂಗ್‌ರೇಗಳಲ್ಲಿ ಹಿಂಗಾಲಿಯ ಅಚ್ಚು ಕೂರುವ ಎಡಗಡೆಯ ಉಕ್ಕಿನ ತಟ್ಟೆಯ ಮೇಲೆ ಆ ಸಂಖ್ಯೆಯನ್ನು ಒತ್ತಿರುತ್ತಾರೆ. ಆಮೇಲಿನವುಗಳಲ್ಲಿ ಅದು ಹೆಡ್ ಟ್ಯೂಬಿನ ಮೇಲೆ ಸಿಗುತ್ತದೆ. 1965ರಿಂದ ಆಚೆಗೆ ಸಂಖ್ಯೆಯ ಮೊದಲು ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಮೊದಲನೆಯದು ತಿಂಗಳನ್ನೂ ಎರಡನೆಯದು ವರ್ಷವನ್ನೂ ಸೂಚಿಸುತ್ತದೆ. ವರ್ಷದ ಲೆಕ್ಕದಲ್ಲಿ ‘ಎ’ ಎಂದರೆ 1965, ‘ಬಿ’ ಎಂದರೆ 1966, ಹೀಗೆ ಮುಂದುವರಿಯುತ್ತದೆ. ಅಂಕಿ ಒಂದರೊಡನೆ ಗೊಂದಲವಾಗದಿರಲೆಂದು ‘ಐ’ ಅಕ್ಷರವನ್ನು ಬಿಟ್ಟಿದ್ದಾರೆ. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಒಂದು ಹನಿ ಎಣ್ಣೆ ಹಾಕಿ ಆ ತಟ್ಟೆಯ ಮೇಲಿನ ಜಿಡ್ಡನ್ನು ನಿಧಾನವಾಗಿ ಉಜ್ಜಿದಾಗ ‘ಇ’ ಮತ್ತು ‘ಸಿ’ ಅಕ್ಷರಗಳು ಕಾಣಿಸಿದವು. ಅಂದರೆ 1967ರ ಮೇ ತಿಂಗಳು. ಇದು ಫ್ರೇಮಿಗೆ ಸಂಖ್ಯೆ ಒತ್ತಿದ ಕಾಲವೇ ಹೊರತು ಸೈಕಲ್ ಪೂರ್ತಿ ಜೋಡಣೆಯಾದ ದಿನವಲ್ಲ ಎಂಬುದನ್ನು ಮರೆಯಬಾರದು. ಅದಕ್ಕಿಂತ ಮುಖ್ಯವಾಗಿ, ಸಂಖ್ಯೆಯಿಂದ ಕಾಲ ತಿಳಿಯುತ್ತದೆ, ಮಾದರಿ ತಿಳಿಯುವುದಿಲ್ಲ. ಈ ಒಂದು ಸಂಗತಿ ಗೊತ್ತಿಲ್ಲದೆ ಹಣ ಕಳೆದುಕೊಂಡವರು ಹಲವರಿದ್ದಾರೆ. ಅದನ್ನು ಮುಂದೆ ಹೇಳುತ್ತೇನೆ.

ಮನೆಗೆ ತಂದ ಮೇಲೆ ಸ್ಪ್ಯಾನರ್ ಮುಟ್ಟುವ ಮೊದಲು ಎಲ್ಲ ಕೋನಗಳಿಂದ ಚಿತ್ರ ತೆಗೆದುಕೊಂಡೆ. ಯಾವ ವಾಷರ್ ಯಾವ ಮುಖ ಹೊರಗೆ ಮಾಡಿ ಕುಳಿತಿತ್ತು, ಸೀಟಿನ ಕಂಬಿ ಅಚ್ಚಿನ ನಟ್ಟಿಗೆ ಒಳಗಿನಿಂದ ಸೇರಿತ್ತೋ ಹೊರಗಿನಿಂದಲೋ ಎಂಬಂಥ ವಿವರಗಳನ್ನು ಎಷ್ಟೇ ಜಾಣನಾದರೂ ತಿಂಗಳ ನಂತರ ನೆನಪಿನಿಂದ ಹೇಳಲಾರ. ಬೋಲ್ಟುಗಳ ತಲೆಯ ಮೇಲೆ ಆರ್ನಾಲ್ಡ್ ಮತ್ತು ಶ್ವಿನ್ ಹೆಸರುಗಳ ಮೊದಲಕ್ಷರಗಳಾದ ‘ಎ ಎಸ್’ ಎಂದು ಒತ್ತಿರುತ್ತದೆ. ಅಂಥ ಬೋಲ್ಟು ಒಂದನ್ನು ಕಳೆದರೆ ಅದೇ ಅಳತೆಯ ಬೇರೆ ಬೋಲ್ಟು ಕೂರುತ್ತದೆ, ಆದರೆ ಸೈಕಲ್ಲಿನ ಮೇಲಿನ ಕಾರ್ಖಾನೆಯ ಕೈಬರಹದಲ್ಲಿ ಒಂದಕ್ಷರ ಅಳಿದುಹೋಗುತ್ತದೆ. ಆದ್ದರಿಂದ ಒಂದೊಂದು ಭಾಗದ ಬೋಲ್ಟು, ನಟ್ಟು, ವಾಷರುಗಳನ್ನು ಒಂದೊಂದು ಲಕೋಟೆಗೆ ಹಾಕಿ ಹೆಸರು ಬರೆದಿಟ್ಟೆ.

ಬಿಚ್ಚುವ ಕೆಲಸದಲ್ಲಿ ನಮ್ಮ ಊರಿನ ಸೈಕಲ್ಲುಗಳನ್ನು ಕಂಡವರಿಗೆ ಹೊಸದೆನಿಸುವ ಸಂಗತಿಗಳು ಕೆಲವಿವೆ. ನಮ್ಮಲ್ಲಿ ಪೆಡಲಿನ ಎರಡು ತೋಳುಗಳನ್ನು ಕಾಟರ್ ಪಿನ್ ಹೊಡೆದು ಅಚ್ಚಿಗೆ ಬಿಗಿಯುತ್ತಿದ್ದರು; ಇಲ್ಲಿ ಎರಡು ತೋಳೂ ನಡುವಿನ ಅಚ್ಚೂ ಸೇರಿ ಒಂದೇ ಕಬ್ಬಿಣದ ತುಂಡು. ಓಹಾಯೋ ರಾಜ್ಯದ ಅಷ್ಟಬುಲಾ ಎಂಬ ಊರಿನಲ್ಲಿ ಕಾಯಿಸಿ ಬಡಿದು ತಯಾರಿಸುತ್ತಿದ್ದ ಕಾರಣ ಇದನ್ನು ಇಂದಿಗೂ ಅಷ್ಟಬುಲಾ ಕ್ರ್ಯಾಂಕ್ ಎನ್ನುತ್ತಾರೆ. ಎಡಗಡೆಯ ಪೆಡಲನ್ನು ತೆಗೆದು, ಎಡಗಡೆಯ ನಟ್ಟನ್ನು ಬಲಕ್ಕೆ ತಿರುಗಿಸಿ ಸಡಿಲಿಸಬೇಕು, ಏಕೆಂದರೆ ಅದರ ಮರೆ, ಅಂದರೆ ತಿರುಪಿನ ಸುತ್ತು, ಉಲ್ಟಾ ಇರುತ್ತದೆ. ಆಮೇಲೆ ಇಡೀ ತುಂಡನ್ನು ಓರೆ ಮಾಡಿ ಬಲಗಡೆಯಿಂದ ಹೊರಗೆ ಎಳೆಯಬೇಕು. ಫ್ರೇಮಿನ ಕೊಳವೆಗಳು ಸೇರುವ ಕಡೆಗಳಲ್ಲಿ ನಮ್ಮ ಸೈಕಲ್ಲುಗಳಂತೆ ಲಗ್, ಅಂದರೆ ಕೊಳವೆಗಳ ತುದಿ ಕೂರುವ ಬಳೆ, ಇರುವುದಿಲ್ಲ. ಶ್ವಿನ್ ಕಾರ್ಖಾನೆಯಲ್ಲಿ ಉಕ್ಕಿನ ಹಾಳೆಯನ್ನು ಒತ್ತಿ ಆಕಾರ ಕೊಟ್ಟು, ಭಾರಿ ವಿದ್ಯುತ್ ಹರಿಸಿ ಅಂಚುಗಳನ್ನು ಕಾಯಿಸಿ ಒಂದಕ್ಕೊಂದು ಒತ್ತಿ ಬೆಸೆಯುತ್ತಿದ್ದರು. ಹಾಗಾಗಿ ಸಂದುಗಳು ಬೆರಳಿಗೆ ನುಣುಪಾಗಿ ಹರಿಯುತ್ತವೆ, ಫ್ರೇಮ್ ಮಾತ್ರ ಬಹಳ ಭಾರ. ಸ್ಟ್ಯಾಂಡ್ ಕೂಡ ಫ್ರೇಮಿಗೇ ಬೆಸೆದ ಕೊಳವೆಯೊಳಗೆ ಬಲವಾದ ಸ್ಪ್ರಿಂಗಿನೊಡನೆ ಕುಳಿತಿರುತ್ತದೆ. ಅದಕ್ಕೆ ತಕ್ಕ ಸಲಕರಣೆ ಇಲ್ಲದವರು ಅದನ್ನು ಮುಟ್ಟದಿರುವುದೇ ಕ್ಷೇಮ, ಏಕೆಂದರೆ ಪಿನ್ ಕಳಚಿದೊಡನೆ ಸ್ಪ್ರಿಂಗ್ ಸಿಡಿಯುತ್ತದೆ. ಹ್ಯಾಂಡಲಿನ ಕಾಂಡದ ದಪ್ಪವೂ ಇಲ್ಲಿ ಬೇರೆ. ಬೇರೆಡೆ ಸಾಮಾನ್ಯವಾಗಿ ಅದು 22.2 ಮಿ.ಮೀ. ಇದ್ದರೆ ಇದರಲ್ಲಿ 21.1 ಮಿ.ಮೀ. ಅಂಗಡಿಯಲ್ಲಿ ಸಿಗುವ ಹೊಸ ಕಾಂಡವನ್ನು ಬಲವಂತವಾಗಿ ತುರುಕಿದರೆ ಫೋರ್ಕಿನ ಕೊಳವೆ ಒಳಗಿನಿಂದ ಬಿರಿಯುತ್ತದೆ.

ತುಕ್ಕು ತೆಗೆಯುವ ವಿಚಾರದಲ್ಲಿ ನಾನು ತಾಳ್ಮೆಯ ಪಕ್ಷಪಾತಿ. ಮರದ ಕಲೆ ತೆಗೆಯಲು ಬಳಸುವ ಆಕ್ಸಾಲಿಕ್ ಆಮ್ಲದ ಪುಡಿ ಇಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ದೊಡ್ಡ ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರಿಗೆ ಅದನ್ನು ಸ್ವಲ್ಪವೇ ಬೆರೆಸಿ, ಮಡ್‌ಗಾರ್ಡ್, ಹ್ಯಾಂಡಲ್, ರಿಮ್ಮುಗಳನ್ನು ಮುಳುಗಿಸಿಟ್ಟರೆ ಹುಣಸೆಹುಳಿ ಹಚ್ಚಿಟ್ಟ ಹಿತ್ತಾಳೆ ಚೆಂಬಿನ ಕಿಲುಬಿನ ಹಾಗೆ ತುಕ್ಕು ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಕ್ರೋಮಿಗೆ ಅದು ಹಾನಿ ಮಾಡುವುದಿಲ್ಲ, ಆದರೆ ಸತುವಿನ ಲೇಪವಿರುವ ಕಡ್ಡಿಗಳನ್ನೂ ಅಲ್ಯೂಮಿನಿಯಂ ಭಾಗಗಳನ್ನೂ ಮಂಕು ಮಾಡುತ್ತದೆ. ಆ ಪುಡಿ ವಿಷಕಾರಿ. ಕೈಗವಸು ಹಾಕಿಕೊಂಡು, ಗಾಳಿಯಾಡುವ ಕಡೆ, ಮಕ್ಕಳೂ ಸಾಕುಪ್ರಾಣಿಗಳೂ ಸುಳಿಯದಂತೆ ಈ ಕೆಲಸ ಮಾಡಬೇಕು. ಹೊರತೆಗೆದ ಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು ತಕ್ಷಣ ಒಣಗಿಸದಿದ್ದರೆ ಹಳದಿ ಪುಡಿಯೊಂದು ಮೇಲೆ ಕೂರುತ್ತದೆ. ಅಲ್ಲಲ್ಲಿ ಉಳಿದ ಚುಕ್ಕೆಗಳನ್ನು ನೀರಿನಲ್ಲಿ ಅದ್ದಿದ ಅಲ್ಯೂಮಿನಿಯಂ ಹಾಳೆಯಿಂದ ಉಜ್ಜಿ ತೆಗೆದೆ. ಆ ಹಾಳೆ ಕ್ರೋಮಿಗಿಂತ ಮೆತ್ತಗಿರುವುದರಿಂದ ಗೀರು ಬೀಳುವುದಿಲ್ಲ. ಕ್ರೋಮ್ ಎದ್ದುಹೋಗಿ ಗುಳಿಬಿದ್ದ ಜಾಗಗಳು ಮುಂದಿನ ಮಡ್‌ಗಾರ್ಡಿನ ತುದಿಯಲ್ಲಿ ಇದ್ದವು, ಈಗಲೂ ಇವೆ. ಅವಕ್ಕೆ ತೆಳುವಾಗಿ ಮೇಣ ಹಚ್ಚಿ ಬಿಟ್ಟಿದ್ದೇನೆ.

ಬಣ್ಣದ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಸ್ಟಿಂಗ್‌ರೇಯ ಹಲವು ಬಣ್ಣಗಳು ಎರಡು ಪದರದವು: ಅಡಿಯಲ್ಲಿ ಬೆಳ್ಳಿಯಂಥ ಹೊಳಪಿನ ಲೇಪ, ಅದರ ಮೇಲೆ ಬೆಳಕು ತೂರಿಹೋಗುವಂಥ ಪಾರದರ್ಶಕ ಬಣ್ಣ. ಬೆಳಕು ಮೇಲಿನ ಪದರವನ್ನು ದಾಟಿ, ಅಡಿಯ ಬೆಳ್ಳಿಗೆ ತಾಗಿ, ಬಣ್ಣ ಹೊತ್ತು ಹಿಂದಿರುಗುವುದರಿಂದ ಆ ಆಳ ಕಾಣುತ್ತದೆ. ಆದರೆ ಬಿಸಿಲಿಗೆ ಮೊದಲು ಬಲಿಯಾಗುವುದೂ ಆ ಮೇಲಿನ ಪದರವೇ. ನನ್ನ ಸೈಕಲ್ಲಿನ ನೇರಳೆ ಬಣ್ಣ ಮೇಲಿನ ಕೊಳವೆಯ ಮೇಲೆ ಬೂದಿ ಬೆರೆತ ತಿಳಿ ಊದಾ ಆಗಿ ಇಳಿದಿತ್ತು. ಸೀಟಿನ ಕೊಳವೆಯನ್ನು ಬಿಗಿಯುವ ಕ್ಲ್ಯಾಂಪನ್ನು ಬಿಚ್ಚಿದಾಗ ಅದರ ಅಡಿಯಲ್ಲಿ ಬೆರಳಗಲದ ಒಂದು ಪಟ್ಟಿ ಕಂಡಿತು: 1967ರಲ್ಲಿ ಮುಚ್ಚಿಕೊಂಡ ಮೇಲೆ ಬಿಸಿಲನ್ನೇ ನೋಡದ ಗಾಢ ನೇರಳೆ, ಒಳಗಿನ ಬೆಳ್ಳಿಯ ಕಣಗಳೊಡನೆ ಹಾಗೆಯೇ ಇತ್ತು. ಆ ಪಟ್ಟಿಯನ್ನು ಮಾದರಿಯಾಗಿಟ್ಟುಕೊಂಡು ಇಡೀ ಫ್ರೇಮಿಗೆ ಹೊಸ ಬಣ್ಣ ಹೊಡೆಸಿಕೊಡುವ ಕುಶಲರು ಇಲ್ಲಿದ್ದಾರೆ, ಅವರ ಕೆಲಸ ಬಹಳ ಚೆನ್ನಾಗಿಯೇ ಇರುತ್ತದೆ. ಆದರೆ ಹಾಗೆ ಮಾಡಿಸಿದರೆ ಆ ಪಟ್ಟಿಯೇ ಇರುವುದಿಲ್ಲ. ಕಾರ್ಖಾನೆಯಲ್ಲಿ ಬಣ್ಣ ಎಷ್ಟು ದಪ್ಪಕ್ಕೆ ಕುಳಿತಿತ್ತು, ಎಲ್ಲಿ ತೆಳುವಾಗಿತ್ತು, ಹೆಡ್ ಟ್ಯೂಬಿನ ಮೇಲಿನ ಲಾಂಛನದ ಅಡಿಯಲ್ಲಿ ಏನಿತ್ತು ಎಂಬುದಕ್ಕೆಲ್ಲ ಇರುವ ಏಕೈಕ ಸಾಕ್ಷಿಯನ್ನು ನಾವೇ ಕೆರೆದು ಎಸೆದಂತಾಗುತ್ತದೆ. ಇನ್ನೊಂದು ಕಾರಣವೂ ಇದೆ. ಅಮೆರಿಕದಲ್ಲಿ ಬಣ್ಣದಲ್ಲಿನ ಸೀಸಕ್ಕೆ ಕಟ್ಟುನಿಟ್ಟಿನ ಮಿತಿ ಬಂದದ್ದು 1978ರಲ್ಲಿ. ಅದಕ್ಕಿಂತ ಹಿಂದಿನ ಬಣ್ಣವನ್ನು ಒಣ ಮರಳು ಕಾಗದದಿಂದ ಉಜ್ಜಿ ಧೂಳೆಬ್ಬಿಸುವುದು ಆರೋಗ್ಯಕ್ಕೆ ಅಪಾಯ.

ಹೀಗಾಗಿ ನಾನು ಮಾಡಿದ್ದಿಷ್ಟೇ. ಮೆದುವಾದ ಸಾಬೂನು ನೀರಿನಲ್ಲಿ ಅದ್ದಿದ ಹತ್ತಿಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಕಣ್ಣಿಗೆ ಕಾಣದ ಒಂದು ಮೂಲೆಯಲ್ಲಿ ಪಾಲಿಶನ್ನು ಪರೀಕ್ಷಿಸಿ, ಬಟ್ಟೆಗೆ ನೇರಳೆ ಅಂಟುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಫ್ರೇಮಿಗೆಲ್ಲ ಬಹಳ ತೆಳುವಾಗಿ ಹಚ್ಚಿ, ಮೇಣ ಲೇಪಿಸಿದೆ. ಚೈನ್ ಕವರಿನ ಮೇಲೆ ಪಾಲಿಶ್ ಇರಲಿ, ಬೆರಳು ಕೂಡ ಒತ್ತಲಿಲ್ಲ. ಅಲ್ಲಿ ಸ್ಟಿಂಗ್‌ರೇ ಎಂಬ ಹೆಸರನ್ನು ಪರದೆಯ ಮೂಲಕ ಶಾಯಿ ಹಾಯಿಸಿ ಮುದ್ರಿಸಿರುತ್ತಾರೆ. ಆ ಶಾಯಿ ಎಷ್ಟು ತೆಳುವೆಂದರೆ ಉತ್ಸಾಹದಿಂದ ತಿಕ್ಕಿದರೆ ಅಕ್ಷರಗಳು ಬಟ್ಟೆಗೆ ಬಂದುಬಿಡುತ್ತವೆ. ಅಳಿದ ಅಕ್ಷರಗಳ ಚೈನ್ ಕವರುಗಳನ್ನು ಮಾರಾಟದ ಮೇಳಗಳಲ್ಲಿ ಕಂಡಾಗಲೆಲ್ಲ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ಹಿಂಗಾಲಿ. ಈ ಸೈಕಲ್ಲಿಗೆ ಕೈಬ್ರೇಕ್ ಇಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುವ ಕೋಸ್ಟರ್ ಬ್ರೇಕ್ ಇದೆ. ತಿಪಟೂರಿನಲ್ಲಿ ನನ್ನ ಸೋದರಮಾವ ಸೈಕಲ್ ಅಂಗಡಿ ನಡೆಸುತ್ತಿದ್ದವರು, ವಿಡಿಯೊ ಕರೆಯಲ್ಲಿ ಸೈಕಲ್ಲನ್ನು ತೋರಿಸಿದಾಗ ಅವರು ಮೊದಲು ಕೇಳಿದ್ದೇ, “ಬ್ರೇಕೇ ಕಾಣ್ತಿಲ್ವಲ್ಲೋ, ಮಕ್ಕಳ ಕೈಗೆ ಹೆಂಗೆ ಕೊಡ್ತಿದ್ರು ಇದನ್ನ?” ಎಂದು. “ಹಬ್ಬಿನ ಒಳಗೇ ಇದೆ ಮಾವ, ಹಿಂದಕ್ಕೆ ತುಳಿದ್ರೆ ಹಿಡ್ಕೊಳ್ಳುತ್ತೆ” ಎಂದೆ. “ಹಂಗಾದ್ರೆ ಬಿಚ್ಚಿ ತೋರ್ಸು, ನೋಡಾಣ” ಎಂದರು. ಹಾಗೆ ಗಾಲಿಯ ನಡುವಿನ ಆ ಹಬ್ಬಿನ ಓವರಾಯಿಲಿಂಗ್ ನಮ್ಮಿಬ್ಬರ ಜಂಟಿ ಕೆಲಸವಾಯಿತು.

ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ ತಯಾರಾಗುತ್ತಿದ್ದ ಬೆಂಡಿಕ್ಸ್ ಹಬ್ ಅದು. ಅದರ ಯುಕ್ತಿ ಸರಳವೂ ಸುಂದರವೂ ಆದದ್ದು. ಚೈನು ಎಳೆಯುವ ಹಲ್ಲುಚಕ್ರದ ಒಳತುದಿಯಲ್ಲಿ ಅಗಲವಾದ ಮರೆಯ ಸುರುಳಿಯಿದೆ, ಅದರ ಮೇಲೆ ಶಂಕುವಿನಾಕಾರದ ಒಂದು ತುಂಡು ಹತ್ತಿ ಇಳಿಯುತ್ತದೆ. ಮುಂದಕ್ಕೆ ತುಳಿದಾಗ ಆ ತುಂಡು ಬಲಕ್ಕೆ ಸರಿದು ಹಬ್ಬಿನ ಒಳಗೋಡೆಗೆ ಕಚ್ಚಿಕೊಂಡು ಗಾಲಿಯನ್ನು ತಿರುಗಿಸುತ್ತದೆ. ತುಳಿಯುವುದನ್ನು ನಿಲ್ಲಿಸಿದರೆ ಸಡಿಲವಾಗಿ ಗಾಲಿ ತನ್ನಷ್ಟಕ್ಕೆ ಓಡುತ್ತದೆ. ಹಿಂದಕ್ಕೆ ತುಳಿದಾಗ ಅದೇ ತುಂಡು ಎಡಕ್ಕೆ ಸರಿದು, ಬ್ರೇಕ್ ಶೂಗಳ ನಡುವೆ ಬೆಣೆಯಂತೆ ತೂರಿ, ಅವನ್ನು ಹಬ್ಬಿನ ಒಳಗೋಡೆಗೆ ಒತ್ತುತ್ತದೆ. ಆ ಒತ್ತಡದಲ್ಲಿ ಎಡಗಡೆಯ ಭಾಗ ತಾನೂ ತಿರುಗಿಹೋಗದಂತೆ ತಡೆಯುವುದು ಬ್ರೇಕಿನ ತೋಳು. ಅದನ್ನು ಫ್ರೇಮಿನ ಕೊಳವೆಗೆ ಪಟ್ಟಿಯಿಂದ ಬಿಗಿದಿರುತ್ತಾರೆ. ಆ ಪಟ್ಟಿಯ ಬೋಲ್ಟು ಸಡಿಲವಾಗಿದ್ದರೆ ಬ್ರೇಕ್ ಹಿಡಿದ ಕ್ಷಣವೇ ತೋಳು ಗರ್ರನೆ ತಿರುಗಿ ಕಡ್ಡಿಗಳನ್ನು ಮುರಿಯಬಹುದು. ಓಡಿಸುವ ಮೊದಲು ಪ್ರತಿ ಸಲ ನೋಡಬೇಕಾದ ಬೋಲ್ಟು ಇದೊಂದು.

ಹಬ್ಬನ್ನು ಬಿಚ್ಚಿದಾಗ ಒಳಗಿನ ಗ್ರೀಸು ಕಂದು ಬಣ್ಣದ ಮೇಣದಂತೆ ಗಟ್ಟಿಯಾಗಿತ್ತು. ಶೂಗಳನ್ನೂ ಬಾಲ್‌ಬೇರಿಂಗಿನ ಬಳೆಗಳನ್ನೂ ಸೀಮೆಎಣ್ಣೆಯಲ್ಲಿ ನೆನೆಹಾಕಿ ತೊಳೆದ ಮೇಲೆ, ಅಚ್ಚಿನ ಮೇಲೆ ಕೂರುವ ಓರೆ ಅಂಚಿನ ನಟ್ಟುಗಳಾದ ಕೋನುಗಳ ಮೇಲೆ ಗುಂಡುಗಳು ಓಡಾಡಿದ ಜಾಡನ್ನು ಬೆಳಕಿಗೆ ಹಿಡಿದು ನೋಡಿದೆವು. ಜಾಡು ಕನ್ನಡಿಯಂತೆ ನಯವಾಗಿದ್ದರೆ ಸರಿ, ಸೂಜಿಮೊನೆಯಷ್ಟು ಗುಳಿಗಳಿದ್ದರೂ ಕೋನನ್ನು ಬದಲಿಸಬೇಕು ಎಂಬುದು ಮಾವನ ಕಟ್ಟಾಜ್ಞೆ. ಎಡಗಡೆಯ ಕೋನಿನಲ್ಲಿ ಅಂಥ ಗುಳಿಗಳಿದ್ದವು. ಅದಕ್ಕೆ ಬದಲಾಗಿ ಹಾಕಿದ್ದು ಇನ್ನೊಂದು ಹಳೆಯ ಬೆಂಡಿಕ್ಸ್ ಹಬ್ಬಿನಿಂದ ತೆಗೆದ ಕೋನು. ಈ ಕಾರಣಕ್ಕಾಗಿಯೇ ಹಳೆಯ ಸೈಕಲ್ ಸಂಗ್ರಹಿಸುವವರೆಲ್ಲರ ಮನೆಯಲ್ಲಿ ಕೆಲಸಕ್ಕೆ ಬಾರದ ಹಬ್ಬುಗಳ ಒಂದು ಡಬ್ಬಿ ಇದ್ದೇ ಇರುತ್ತದೆ.

ಗಾಲಿಯ ಬೆಂಡ್ ತೆಗೆಯುವಾಗ ಮಾವನ ಅನುಭವ ನನಗೆ ನಿಜವಾಗಿ ದಕ್ಕಿತು. ಈ ಗಾಲಿಗಳಿಗೆ 28 ಕಡ್ಡಿಗಳು. ನಮ್ಮ ದೊಡ್ಡ ಸೈಕಲ್ಲುಗಳಿಗಿಂತ ಕಡಿಮೆ ಕಡ್ಡಿಗಳಿರುವುದರಿಂದ ಒಂದು ಕಡ್ಡಿಯ ನಿಪ್ಪಲನ್ನು ಕಾಲು ಸುತ್ತು ತಿರುಗಿಸಿದರೂ ರಿಮ್ ಕಣ್ಣಿಗೆ ಕಾಣುವಷ್ಟು ವಾಲುತ್ತದೆ. “ಬಿಗಿ ಮಾಡೋಕ್ ಮುಂಚೆ ಎದುರು ಕಡೆ ಕಡ್ಡಿ ಸಡ್ಲ ಮಾಡೋ, ಇಲ್ದಿದ್ರೆ ರಿಮ್ಮು ಮೊಟ್ಟೆ ಆಗುತ್ತೆ” ಎಂದು ಅವರು ಹೇಳಿದ ಕ್ರಮದಲ್ಲಿಯೇ ಹೋದೆ. ತುಕ್ಕು ಹಿಡಿದ ನಿಪ್ಪಲುಗಳಿಗೆ ಮೊದಲೇ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೆಯೇ ಇಟ್ಟಿದ್ದರಿಂದ ಒಂದು ಕಡ್ಡಿಯೂ ತುಂಡಾಗಲಿಲ್ಲ.

ಟೈರಿನ ವಿಷಯವನ್ನು ಕೊಂಚ ಬಿಡಿಸಿ ಹೇಳಬೇಕು, ಏಕೆಂದರೆ ಹೊಸಬರು ಹೆಚ್ಚು ತೊಡಕಿಗೆ ಸಿಲುಕುವುದು ಇಲ್ಲಿಯೇ. ಸ್ಟಿಂಗ್‌ರೇಯ ಮುಂದಿನ ಟೈರಿನ ಅಳತೆ ‘20 × 1¾’. ಇಂದಿನ ಮಕ್ಕಳ ಸೈಕಲ್ಲುಗಳ ಟೈರಿನ ಮೇಲೆ ‘20 × 1.75’ ಎಂದು ಬರೆದಿರುತ್ತದೆ. ಗಣಿತದಲ್ಲಿ ಎರಡೂ ಒಂದೇ, ಸೈಕಲ್ಲಿನಲ್ಲಿ ಅಲ್ಲ. ಭಿನ್ನರಾಶಿಯಲ್ಲಿ ಬರೆದ ಶ್ವಿನ್ ಅಳತೆಯ ರಿಮ್ಮಿನಲ್ಲಿ ಟೈರು ಕಚ್ಚಿ ಕೂರುವ ಜಾಗದ ವ್ಯಾಸ 419 ಮಿ.ಮೀ., ದಶಾಂಶದಲ್ಲಿ ಬರೆದದ್ದರಲ್ಲಿ 406 ಮಿ.ಮೀ. ಹದಿಮೂರು ಮಿಲಿಮೀಟರುಗಳ ಈ ಅಂತರದಿಂದಾಗಿ ಸಾಧಾರಣ ಟೈರು ಈ ರಿಮ್ಮಿನ ಮೇಲೆ ಹತ್ತುವುದೇ ಇಲ್ಲ. ಶ್ವಿನ್ ತನ್ನ ಈ ರಿಮ್ಮಿಗೆ ‘ಎಸ್-7’ ಎಂಬ ಗುರುತು ಕೊಟ್ಟಿತ್ತು. ಆ ಅಳತೆಯ ಟೈರು ಈಗಲೂ ತಯಾರಾಗುತ್ತದೆ, ಕೇಳುವಾಗ ಎಸ್-7 ಎಂದು ಸ್ಪಷ್ಟವಾಗಿ ಹೇಳಬೇಕು. ಹಿಂದಿನ ಗಾಲಿಯ ಕಥೆ ಬೇರೆ. ಅಲ್ಲಿ ರೇಸ್ ಕಾರುಗಳನ್ನು ನೋಡಿ ಮಾಡಿದ, ಹಲ್ಲುಗಳಿಲ್ಲದ ಅಗಲವಾದ ಸ್ಲಿಕ್ ಟೈರು ಕೂರುತ್ತದೆ. ಅದರ ‘ಎಸ್-2’ ರಿಮ್ಮು 406 ಮಿ.ಮೀ. ಅಳತೆಯದು. ಒಂದೇ ಸೈಕಲ್ಲಿನಲ್ಲಿ ಎರಡು ಅಳತೆಗಳಿರುವುದರಿಂದ ಒಂದೇ ಜೊತೆ ಟೈರು ತಂದು ಎರಡಕ್ಕೂ ಹಾಕುವ ಆಸೆ ಬಿಡಬೇಕು. ಹಳೆಯ ಮೂಲ ಟೈರುಗಳ ಪಕ್ಕೆಗಳು ಬಿರುಕು ಬಿಟ್ಟಿದ್ದವು. ಅವುಗಳ ಮೇಲೆ ಓಡುವುದು ಅಪಾಯ. ಹೊಸ ಟೈರುಗಳನ್ನು ಹಾಕಿ, ಹಳೆಯವುಗಳಿಗೆ ಕ್ರಮಸಂಖ್ಯೆಯ ಚೀಟಿ ಕಟ್ಟಿ ಒಳಗೆ ನೇತುಹಾಕಿದ್ದೇನೆ.

ಸೀಟಿನ ಅಡಿಯ ಉಕ್ಕಿನ ತಟ್ಟೆ ಗಟ್ಟಿಯಾಗಿತ್ತು, ಒಳಗಿನ ಫೋಮು ಮಾತ್ರ ಹಿಟ್ಟಾಗಿ ಉದುರುತ್ತಿತ್ತು. ಹೊಸ ಕವರುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಆದರೂ ಹೇರ್ ಡ್ರೈಯರಿನಿಂದ ಹದವಾಗಿ ಬಿಸಿ ತಾಗಿಸಿ ಮೆದು ಮಾಡಿಕೊಂಡು, ಮೂಲ ಬಿಳಿ ರೆಕ್ಸಿನನ್ನು ಬಿಡಿಸಿ, ಸೀಳಿದ ಅಂಚಿಗೆ ಒಳಗಿನಿಂದ ತೆಳು ಬಟ್ಟೆ ಅಂಟಿಸಿ, ಹೊಸ ಫೋಮಿನ ಮೇಲೆ ಅದನ್ನೇ ಮತ್ತೆ ಎಳೆದು ಕೂರಿಸಿದೆ. ಸೀಳಿನ ಗೆರೆ ಹತ್ತಿರದಿಂದ ಕಾಣುತ್ತದೆ. ಅದು ಕಾಣಬಾರದೆಂಬ ಹಟ ನನಗಿರಲಿಲ್ಲ.

ಸಂಗ್ರಹದ ಲೋಕದಲ್ಲಿ ಸಾಧಾರಣ ಸ್ಟಿಂಗ್‌ರೇಗಿಂತ ಹೆಚ್ಚು ಬೆಲೆ ಇರುವುದು ಕ್ರೇಟ್ ಸರಣಿಗೆ. 1968ರಲ್ಲಿ ಆರೆಂಜ್ ಕ್ರೇಟ್, ಆ್ಯಪಲ್ ಕ್ರೇಟ್, ಲೆಮನ್ ಪೀಲರ್, ಪೀ ಪಿಕರ್ ಎಂಬ ಹೆಸರುಗಳಲ್ಲಿ ಆರಂಭವಾದ ಈ ಸರಣಿಗೆ ಆಮೇಲೆ ಬಿಳಿಯ ಕಾಟನ್ ಪಿಕರ್ ಸೇರಿತು. ಬೂದು ಬಣ್ಣದ ಗ್ರೇ ಘೋಸ್ಟ್ 1971ರಲ್ಲಿ ಮಾತ್ರ ಬಂದು ಹೋಯಿತು. ಮುಂದೆ ಸ್ಪ್ರಿಂಗ್ ಕೂರಿಸಿದ ಫೋರ್ಕ್, 16 ಅಂಗುಲದ ಪುಟ್ಟ ಗಾಲಿ, ಅದಕ್ಕೊಂದು ಡ್ರಮ್ ಬ್ರೇಕ್, ಹಿಂದೆ ಸ್ಲಿಕ್ ಟೈರು, ಸೀಟಿನ ಕಂಬಿಗೆ ಶಾಕ್ ಅಬ್ಸಾರ್ಬರ್, ಮೇಲಿನ ಕೊಳವೆಯ ಮೇಲೆ ಕಾರಿನ ಗೇರಿನ ಹಾಗೆ ಎದ್ದು ನಿಂತ ಐದು ಗೇರಿನ ಹಿಡಿ, ಹೀಗೆ ಅದರ ಠೀವಿಯೇ ಬೇರೆ. ಆ ಗೇರಿನ ಹಿಡಿ ಅಪಘಾತದಲ್ಲಿ ಮಕ್ಕಳ ಸೂಕ್ಷ್ಮ ಅಂಗಗಳಿಗೆ ಪೆಟ್ಟು ಕೊಡುತ್ತದೆಂಬ ಆಕ್ಷೇಪ ಬಲವಾಗಿ, ಎಪ್ಪತ್ತರ ದಶಕದ ಮಧ್ಯದಲ್ಲಿ ಸರಕಾರ ತಂದ ಸುರಕ್ಷಾ ನಿಯಮಗಳು ಮೇಲಿನ ಕೊಳವೆಯ ಮೇಲೆ ಅಂಥ ಭಾಗಗಳಿರುವುದನ್ನೇ ತಡೆದವು. ಕ್ರೇಟ್ ಸರಣಿ 1973ಕ್ಕೆ ನಿಂತಿತು.

ಒಂದು ಮೇಳದಲ್ಲಿ ನನಗೂ ಒಂದು ಆರೆಂಜ್ ಕ್ರೇಟನ್ನು ಮಾರಲು ಬಂದಿದ್ದರು. ಕ್ರಮಸಂಖ್ಯೆ 1969 ಎಂದು ಹೇಳುತ್ತಿತ್ತು, ಮಾರುವವರು ಅದನ್ನೇ ಆಧಾರವಾಗಿ ಮುಂದಿಡುತ್ತಿದ್ದರು. ಆದರೆ ಮೇಲೆಯೇ ಹೇಳಿದಂತೆ ಸಂಖ್ಯೆಯಿಂದ ಮಾದರಿ ತಿಳಿಯುವುದಿಲ್ಲ. ಸಾಧಾರಣ ಸ್ಟಿಂಗ್‌ರೇ ಫ್ರೇಮಿಗೆ ಕಿತ್ತಳೆ ಬಣ್ಣ ಬಳಿದು, ತೊಂಬತ್ತರ ದಶಕದ ಕೊನೆಯಲ್ಲಿ ಮರುತಯಾರಿಯಾಗಿ ಬಂದ ಕ್ರೇಟುಗಳ ಫೋರ್ಕ್ ಮತ್ತು ಸೀಟನ್ನು ಕೂರಿಸಿ ಮಾರುವುದು ಇಲ್ಲಿ ಅಪರೂಪವೇನಲ್ಲ. ನಾನು ಸೀಟಿನ ಕ್ಲ್ಯಾಂಪನ್ನು ಸ್ವಲ್ಪ ಮೇಲಕ್ಕೆ ಸರಿಸಿ ನೋಡಲು ಅನುಮತಿ ಕೇಳಿದೆ. ಕ್ಲ್ಯಾಂಪಿನ ಅಡಿಯ ಗೀರಿನಲ್ಲಿ ಕಿತ್ತಳೆಯ ಕೆಳಗೆ ತಾಮ್ರದ ಬಣ್ಣ ಇಣುಕುತ್ತಿತ್ತು. ಕಾರ್ಖಾನೆಯ ಬಣ್ಣವನ್ನು ಉಳಿಸಿಕೊಂಡ ಸೈಕಲ್ಲಿನ ಬೆಲೆ ಏನೆಂಬುದು ಇಂಥ ಹೊತ್ತಿನಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ವಂದನೆ ಹೇಳಿ ಮುಂದೆ ನಡೆದೆ.

ಇಂಥದ್ದನ್ನು ಗುರುತಿಸಲು ಕಣ್ಣು ಪಳಗಬೇಕಾದರೆ ಕೈ ತಾಗದ ಮೂಲ ಸೈಕಲ್ಲುಗಳನ್ನು ಹತ್ತಿರದಿಂದ ನೋಡಬೇಕು. ಓಹಾಯೋದ ನ್ಯೂ ಬ್ರೆಮೆನ್ ಎಂಬ ಪುಟ್ಟ ಊರಿನಲ್ಲಿ ಬೈಸಿಕಲ್ ಮ್ಯೂಸಿಯಂ ಆಫ್ ಅಮೆರಿಕ ಇದೆ. ಶ್ವಿನ್ ಮನೆತನದ ಸಂಗ್ರಹ 1997ರಲ್ಲಿ ಮಾರಾಟಕ್ಕೆ ಬಂದಾಗ ಅದರ ಬಹುಭಾಗ ಅಲ್ಲಿಗೆ ಸೇರಿತು. ನಾನು ಕ್ಯಾಮೆರಾ ಮತ್ತು ಟಿಪ್ಪಣಿ ಪುಸ್ತಕ ಹಿಡಿದು ಹೋಗಿ, ಬ್ರೇಕ್ ತೋಳಿನ ಪಟ್ಟಿ ಯಾವ ಕಡೆಗೆ ಬಾಗಿದೆ, ಹ್ಯಾಂಡಲ್ ಯಾವ ಕೋನದಲ್ಲಿ ನಿಂತಿದೆ ಎಂಬಂಥ ಅನುಮಾನಗಳನ್ನೆಲ್ಲ ಪರಿಹರಿಸಿಕೊಂಡು ಬಂದೆ. ಬಿಡಿಭಾಗಗಳಿಗಾಗಿ ಓಹಾಯೋದಲ್ಲೇ ಇರುವ ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಮೆಮೊರಿ ಲೇನ್ ಕ್ಲಾಸಿಕ್ಸ್ ನಡೆಸುವ ಮೇಳ ನನಗೆ ಬಹಳ ಒದಗಿದೆ. ಅಲ್ಲಿ ಬೆಳಗಿನ ಚಳಿಯಲ್ಲಿ ಟಾರ್ಪಾಲಿನ ಮೇಲೆ ಹರಡಿಟ್ಟ ತುಕ್ಕಿನ ರಾಶಿಯನ್ನು ಕೆದಕುತ್ತಾ ಬೆಂಡಿಕ್ಸ್ ಕೋನು, ಪೆಡಲಿನ ಪ್ರತಿಫಲಕ, ಮೂಲ ಹಿಡಿಕೆಗಳನ್ನು ಹುಡುಕುವ ಹಿರಿಯರು ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರಿಸುತ್ತಾರೆ. ಅವರಲ್ಲಿ ಕೆಲವರು ಬಾಲ್ಯದಲ್ಲಿ ಇದೇ ಸೈಕಲ್ಲನ್ನು ಓಡಿಸಿದವರು.

ಎಲ್ಲವನ್ನೂ ಮತ್ತೆ ಜೋಡಿಸಿದ್ದು ಬಿಚ್ಚಿದ ಕ್ರಮದ ಹಿಮ್ಮುಖವಾಗಿ, ಲಕೋಟೆಗಳ ಆಧಾರದ ಮೇಲೆ. ಹೊಸ ಚೈನನ್ನು ಹಿಂಗಾಲಿ ಎಳೆದು ಹದಕ್ಕೆ ತಂದು, ಅಚ್ಚಿನ ನಟ್ಟುಗಳನ್ನೂ ಸೀಟಿನ ಕಂಬಿಯನ್ನೂ ಬ್ರೇಕ್ ತೋಳಿನ ಪಟ್ಟಿಯನ್ನೂ ಬಿಗಿದು, ಮೊದಲು ಗಾಲಿಯನ್ನು ಎತ್ತಿ ಹಿಡಿದು ಪೆಡಲ್ ತಿರುಗಿಸಿ ಹಿಂದಕ್ಕೆ ಒತ್ತಿ ನೋಡಿದೆ, ಟಪ್ಪೆಂದು ನಿಂತಿತು. ಆಮೇಲೆ ಮನೆಯ ಮುಂದಿನ ಸಮತಟ್ಟಾದ ರಸ್ತೆಯಲ್ಲಿ ಮಗಳು ಹೆಲ್ಮೆಟ್ ಹಾಕಿಕೊಂಡು ಓಡಿಸಿದಳು. ಹಿಂದಕ್ಕೆ ತುಳಿದರೆ ನಿಲ್ಲುವ ಅಭ್ಯಾಸವಿಲ್ಲದ ಅವಳು ಮೊದಲು ಇಲ್ಲದ ಬ್ರೇಕ್ ಹಿಡಿಗಾಗಿ ಬೆರಳು ಚಾಚಿದಳು. ಎರಡು ಸುತ್ತಿಗೆಲ್ಲ ಪಾದಕ್ಕೆ ಅದು ಒಗ್ಗಿತು. ಉದ್ದನೆಯ ಸೀಟಿನ ಹಿಂದಕ್ಕೆ ಸರಿದು ಕೂತರೆ ಮುಂಗಾಲಿ ಹಗುರಾಗುವುದನ್ನು ಅವಳು ನಾನು ಹೇಳದೆಯೇ ಕಂಡುಕೊಂಡಳು.

ಈಗ ಈ ಸೈಕಲ್ಲಿನ ಜೊತೆಗೆ ಒಂದು ಕಡತವೂ ಇದೆ. ಬದಲಿಸಿದ ಪ್ರತಿ ಭಾಗದ ಹೆಸರು, ಅದು ಎಲ್ಲಿಂದ ಬಂತು, ತೆಗೆದ ಮೂಲ ಭಾಗ ಯಾವ ಡಬ್ಬಿಯಲ್ಲಿದೆ, ಯಾವ ಜಾಗಕ್ಕೆ ಏನು ಹಚ್ಚಿದೆ ಎಂಬುದನ್ನು ಚಿತ್ರಗಳೊಡನೆ ಅದರಲ್ಲಿ ಬರೆದಿಟ್ಟಿದ್ದೇನೆ. ಮುಂದೆ ಯಾರ ಕೈಗೆ ಈ ಸೈಕಲ್ ಹೋದರೂ ಆ ಕಡತ ಜೊತೆಯಲ್ಲಿ ಹೋಗುತ್ತದೆ. ಕೆಲಸ ಮಾಡುವ ಸ್ಟ್ಯಾಂಡಿನ ಮೇಲೆ ಸದ್ಯ ಮೂರು ಗೇರಿನ ಇನ್ನೊಂದು ಸ್ಟಿಂಗ್‌ರೇ ನಿಂತಿದೆ. ಅದರ ಸ್ಟರ್ಮಿ ಆರ್ಚರ್ ಕಂಪನಿಯ ಗೇರಿನ ಹಬ್ಬಿನ ಮೇಲೆ ತಯಾರಾದ ವರ್ಷ, ತಿಂಗಳು ಎರಡೂ ಸ್ಪಷ್ಟವಾಗಿ ಒತ್ತಿವೆ, ಫ್ರೇಮಿನ ಅಕ್ಷರಗಳಿಗೂ ಅವು ಹೊಂದುತ್ತವೆ. ಎಡಗಡೆಯ ಮೂಲ ಪೆಡಲೊಂದು ಸಿಗಬೇಕಾಗಿದೆ.